ಮೂವತ್ತು ಮೈಕ್ರಾನ್ ಪೊರೆಯ ಆಯುಷ್ಯ

ಅಂಗೈಯಲ್ಲಿ ಹಿಡಿಯುವ ಚಿಪ್‌ನೊಳಗೆ ಹನಿಯ ಸಾವಿರದಲ್ಲೊಂದು ಪಾಲನ್ನೂ ತಡೆದು ಬಿಡುವ ರಬ್ಬರ್ ಕವಾಟಗಳಿವೆ. ಲಕ್ಷಾಂತರ ಸಲ ದಣಿಯದೆ ದುಡಿಯುವ ಇವು ಕೆಡುವುದು ಯಾವುದರಿಂದ?

40 ಲಕ್ಷ ಸಲ ಮುಚ್ಚಿ ತೆರೆದ ಮೇಲೂ ಪೊರೆಯಲ್ಲಿ ಸವೆತದ ಗುರುತಿರಲಿಲ್ಲ. 2000ದ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ನಾಲ್ಕು ಪುಟಗಳ ಪ್ರಬಂಧವೊಂದು ಹಾಗೆಂದು ವರದಿ ಮಾಡಿತು. ಬರೆದವರು ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಸ್ಟೀಫನ್ ಕ್ವೇಕ್ ಮತ್ತು ಸಂಗಡಿಗರು. ಮೊದಲ ಲೇಖಕ ಮಾರ್ಕ್ ಉಂಗರ್. ಅವರು ಓಡಿಸಿ ನೋಡಿದ್ದು ಸಿಲಿಕೋನ್ ರಬ್ಬರಿನಲ್ಲಿ ಮಾಡಿದ ಒಂದು ಪುಟ್ಟ ಪಂಪನ್ನು. ಅದರೊಳಗಿನ ಪೊರೆಯ ದಪ್ಪ 30 ಮೈಕ್ರಾನ್, ತಲೆಗೂದಲಿಗಿಂತ ತೆಳು. ಆ ಪೊರೆ ತಡೆಯುತ್ತಿದ್ದ ಕಾಲುವೆಯ ಅಗಲ 100 ಮೈಕ್ರಾನ್, ಎತ್ತರ ಬರೀ 10 ಮೈಕ್ರಾನ್.

ಅಂದಿನಿಂದ ಈ ಕ್ಷೇತ್ರದಲ್ಲಿ ಹೊಸ ಕವಾಟ ಮಾಡಿದವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಸಲ?’ ಎಂಬುದೇ. ಸಾವಿರವೋ, ಲಕ್ಷವೋ, ಹತ್ತು ಲಕ್ಷವೋ? ಆ ಸಂಖ್ಯೆ ಸುಳ್ಳೇನಲ್ಲ. ಆದರೆ ಬಳಕೆಯಲ್ಲಿ ಕೆಟ್ಟ ಚಿಪ್‌ಗಳ ಕಾರಣ ಹುಡುಕುತ್ತ ಹೋದರೆ ಪೊರೆ ದಣಿದು ಹರಿದ ಪ್ರಕರಣಗಳು ಹೆಚ್ಚು ಸಿಗುವುದಿಲ್ಲ. ಪೊರೆ ಊದಿಕೊಂಡಿರುತ್ತದೆ, ಅಂಟಿಕೊಂಡಿರುತ್ತದೆ, ಬಿರುಸಾಗಿರುತ್ತದೆ, ಇಲ್ಲವೇ ತಡೆಯಬೇಕಾದುದನ್ನು ತನ್ನ ಮೈಯೊಳಗಿಂದಲೇ ಹಾಯಲು ಬಿಟ್ಟಿರುತ್ತದೆ. ಬಾಳಿಕೆ ಎನ್ನುವುದು ರಬ್ಬರಿನ ಗುಣ ಮಾತ್ರವಲ್ಲ. ಆ ರಬ್ಬರು ಯಾವ ದ್ರವದ ಜೊತೆ, ಯಾವ ಶಾಖದಲ್ಲಿ, ಎಷ್ಟು ಕಾಲ ಇರಬೇಕು ಎಂಬುದರ ಮೇಲೆ ನಿಂತಿರುವ ಸಂಗತಿ. ಈ ಮಾತನ್ನು ಗಟ್ಟಿಯಾಗಿ ಹೇಳಬೇಕಾದ ಕಾಲ ಬಂದಿದೆ. ಏಕೆಂದರೆ ಈ ಚಿಪ್‌ಗಳು ಪ್ರಯೋಗಾಲಯದ ಮೇಜಿನಿಂದ ಇಳಿದು ರೋಗಿಯ ಹಾಸಿಗೆಯ ಪಕ್ಕಕ್ಕೆ ಬರತೊಡಗಿವೆ.

ಒತ್ತಿದರೆ ಮುಚ್ಚುವ ಕಾಲುವೆ

ಮೈಕ್ರೋಫ್ಲೂಯಿಡಿಕ್ಸ್ ಎಂದರೆ ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ ದ್ರವವನ್ನು ಹರಿಸಿ, ಬೆರೆಸಿ, ಬೇರ್ಪಡಿಸಿ, ಅಳೆಯುವ ವಿದ್ಯೆ. ಇಲ್ಲಿ ಲೆಕ್ಕವೆಲ್ಲ ನ್ಯಾನೋಲೀಟರಿನಲ್ಲಿ, ಅಂದರೆ ಲೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ. ದುಬಾರಿ ರಾಸಾಯನಿಕ ಉಳಿಯುತ್ತದೆ, ರಕ್ತದ ಒಂದೇ ಹನಿಯಲ್ಲಿ ಹತ್ತಾರು ಪರೀಕ್ಷೆ ಮಾಡಬಹುದು, ಒಂದೊಂದೇ ಜೀವಕೋಶವನ್ನು ಪ್ರತ್ಯೇಕ ಕೋಣೆಯಲ್ಲಿಟ್ಟು ನೋಡಬಹುದು. ಇಷ್ಟೆಲ್ಲ ಆಗಬೇಕಾದರೆ ದ್ರವ ಹೇಳಿದಲ್ಲಿ ನಿಲ್ಲಬೇಕು, ಹೇಳಿದಾಗ ಹರಿಯಬೇಕು. ಅದಕ್ಕೆ ಕವಾಟ ಬೇಕು.

ಮೊದಲು ಇಂಥ ಕವಾಟಗಳನ್ನು ಸಿಲಿಕಾನ್‌ನಲ್ಲಿ ಕೊರೆಯುವ ಯತ್ನ ನಡೆದಿತ್ತು. ಸಿಲಿಕಾನ್ ಬಿರುಸು, ಅದನ್ನು ಸ್ವಲ್ಪ ಬಾಗಿಸಲೂ ಭಾರಿ ಬಲ ಬೇಕು, ಇಲ್ಲವೇ ಪೊರೆಯನ್ನು ಬಹಳ ಅಗಲ ಮಾಡಬೇಕು. ಕ್ವೇಕ್ ತಂಡ ಆರಿಸಿಕೊಂಡ ಸಿಲಿಕೋನ್ ರಬ್ಬರು, ರಸಾಯನಶಾಸ್ತ್ರದ ಹೆಸರಿನಲ್ಲಿ ಪಾಲಿಡೈಮಿಥೈಲ್ ಸಿಲಾಕ್ಸೇನ್, ಪ್ರಯೋಗಾಲಯದ ಬಾಯಲ್ಲಿ ಪಿಡಿಎಂಎಸ್, ಅದಕ್ಕಿಂತ ಲಕ್ಷಕ್ಕೂ ಹೆಚ್ಚು ಪಟ್ಟು ಮೆದು. ಹಾಗಾಗಿ ವಾತಾವರಣದ ಒತ್ತಡದ ಅರ್ಧವೂ ಇಲ್ಲದ, ಸುಮಾರು 40 ಕಿಲೋಪಾಸ್ಕಲ್ ಒತ್ತಡಕ್ಕೇ ಆ ಕಾಲುವೆ ಮುಚ್ಚಿತು. ಮುಚ್ಚಲು ಹಿಡಿದದ್ದು ಮಿಲಿಸೆಕೆಂಡಿನಷ್ಟು ಹೊತ್ತು.

ಕೆಲಸ ನಡೆಯುವ ಬಗೆ ಸರಳ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಮೇಲೆ ಕಾಲಿಟ್ಟರೆ ನೀರು ನಿಲ್ಲುತ್ತದಲ್ಲ, ಹಾಗೆ. ಚಿಪ್‌ನಲ್ಲಿ ಎರಡು ಅಂತಸ್ತು. ಒಂದರಲ್ಲಿ ದ್ರವದ ಕಾಲುವೆ, ಇನ್ನೊಂದರಲ್ಲಿ ಅದನ್ನು ಅಡ್ಡಹಾಯುವ ನಿಯಂತ್ರಣ ಕಾಲುವೆ. ಎರಡೂ ಒಂದರ ಮೇಲೊಂದು ಹಾದುಹೋಗುವ ಕಡೆ ನಡುವೆ ಉಳಿಯುವ ತೆಳು ರಬ್ಬರೇ ಪೊರೆ. ನಿಯಂತ್ರಣ ಕಾಲುವೆಗೆ ಗಾಳಿಯನ್ನು ಒತ್ತಿದರೆ ಪೊರೆ ಬಾಗಿ ದ್ರವದ ಕಾಲುವೆಯನ್ನು ತುಂಬುತ್ತದೆ. ಒತ್ತಡ ತೆಗೆದರೆ ರಬ್ಬರು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಹೀಗೆ ಸಾಲಾಗಿ ಮೂರು ಕವಾಟಗಳನ್ನಿಟ್ಟು ಸರದಿಯಂತೆ ಒತ್ತುತ್ತ ಹೋದರೆ ಪಂಪು ಸಿದ್ಧ. 2000ದ ಆ ಪಂಪು ಸೆಕೆಂಡಿಗೆ ಗರಿಷ್ಠ 2.35 ನ್ಯಾನೋಲೀಟರ್ ದೂಡಿತು.

ಸೂಕ್ಷ್ಮದರ್ಶಕದಡಿ ಕಾಲುವೆಗೆ ಬಣ್ಣದ ನೀರು ತುಂಬಿ ನೋಡಿದರೆ ಈ ಕೆಲಸ ಕಣ್ಣಿಗೇ ಕಾಣುತ್ತದೆ. ಗಾಳಿ ಒತ್ತಿದೊಡನೆ ಎರಡೂ ಕಾಲುವೆಗಳು ಕೂಡುವ ಚೌಕದ ನಡುವೆ ಬಣ್ಣ ಮಾಸುತ್ತದೆ, ಬಿಳುಪು ಅಂಚಿನ ಕಡೆಗೆ ಹರಡುತ್ತದೆ. ಕಾಲುವೆಯ ಅಡ್ಡಸೀಳು ಆಯತಾಕಾರವಾಗಿದ್ದರೆ ಬಣ್ಣ ಪೂರ್ತಿ ಹೋಗುವುದೇ ಇಲ್ಲ. ಎರಡೂ ಮೂಲೆಗಳಲ್ಲಿ ಎಳೆಯಂಥ ಎರಡು ಬಣ್ಣದ ಗೆರೆಗಳು ಉಳಿಯುತ್ತವೆ. ಬಾಗಿದ ರಬ್ಬರು ಚೂಪು ಮೂಲೆಗೆ ತಲುಪದು, ಆ ಎರಡು ಗೆರೆಗಳಲ್ಲಿ ದ್ರವ ಸೋರುತ್ತಲೇ ಇರುತ್ತದೆ. ಅದಕ್ಕಾಗಿ ಅಚ್ಚು ಮಾಡುವಾಗಲೇ ಅದರ ಮೇಲಿನ ಫೋಟೋರೆಸಿಸ್ಟ್ (ಬೆಳಕಿಗೆ ಸ್ಪಂದಿಸುವ ಲೇಪ) ಗೆರೆಗಳನ್ನು ಬಿಸಿ ಮಾಡಿ ಕರಗಿಸಿ, ಬೆನ್ನು ದುಂಡಗಾಗುವಂತೆ ಮಾಡುತ್ತಾರೆ. ದುಂಡು ಕಾಲುವೆಯಲ್ಲಿ ಪೊರೆ ಅಂಚಿನಿಂದ ಅಂಚಿಗೆ ಕೂರುತ್ತದೆ. ಕವಾಟ ಚೆನ್ನಾಗಿ ಮುಚ್ಚುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಹೀಗೆ, ರಬ್ಬರು ಸುರಿಯುವ ಮೊದಲೇ ಅಚ್ಚಿನಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ.

ಒಲೆಯಲ್ಲಿ ನಿಶ್ಚಯವಾಗುವ ಗುಣ

ಪಿಡಿಎಂಎಸ್ ಎರಡು ಭಾಗಗಳಾಗಿ ಬರುತ್ತದೆ. ಒಂದು ಮಂದವಾದ ಪಾಲಿಮರ್, ಇನ್ನೊಂದು ಅದರ ಸರಪಳಿಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುವ ಪದಾರ್ಥ. ಸಾಮಾನ್ಯವಾಗಿ ಹತ್ತಕ್ಕೆ ಒಂದರಂತೆ ತೂಗಿ ಕಲಸುತ್ತಾರೆ. ಕಲಸುವಾಗ ಸೇರಿದ ಗಾಳಿಗುಳ್ಳೆಗಳನ್ನು ನಿರ್ವಾತ ಪಾತ್ರೆಯಲ್ಲಿಟ್ಟು ಹೊರಗೆಳೆಯಬೇಕು. ಪೊರೆಯಲ್ಲಿ ಒಂದು ಗುಳ್ಳೆ ಉಳಿದರೂ ಅಲ್ಲಿ ಕವಾಟ ಒಡೆಯುತ್ತದೆ. ಆಮೇಲೆ ತೆಳು ಪದರಕ್ಕಾಗಿ ಅಚ್ಚನ್ನು ವೇಗವಾಗಿ ತಿರುಗಿಸಿ ದ್ರವವನ್ನು ಹರಡುತ್ತಾರೆ. ತಿರುಗುವ ವೇಗ ಪೊರೆಯ ದಪ್ಪವನ್ನು ನಿರ್ಧರಿಸುತ್ತದೆ. ಇಲ್ಲಿ ಕೈತಪ್ಪಿದರೆ ಪರಿಣಾಮ ದೊಡ್ಡದು, ಏಕೆಂದರೆ ತೆಳು ಹಾಳೆಯ ದಪ್ಪ ಇಮ್ಮಡಿಯಾದರೆ ಬಾಗುವುದಕ್ಕೆ ಅದು ಒಡ್ಡುವ ಪ್ರತಿರೋಧ ಎಂಟು ಪಟ್ಟಾಗುತ್ತದೆ.

ಎರಡು ಪದರಗಳನ್ನು ಅಂಟಿಸಲು ಕ್ವೇಕ್ ತಂಡ ಬಳಸಿದ ಉಪಾಯ ಸೊಗಸಾದುದು. ಒಂದು ಪದರವನ್ನು 30:1 ಅನುಪಾತದಲ್ಲಿ, ಇನ್ನೊಂದನ್ನು 3:1 ಅನುಪಾತದಲ್ಲಿ ಕಲಸಿ ಅರೆಬರೆ ಬೇಯಿಸಿದರು. ಒಂದರಲ್ಲಿ ಹೆಚ್ಚಾಗಿ ಉಳಿದದ್ದು ಇನ್ನೊಂದರಲ್ಲಿ ಕೊರತೆ. ಎರಡನ್ನೂ ಒಟ್ಟಿಗಿಟ್ಟು ಮತ್ತೆ ಬೇಯಿಸಿದಾಗ ನಡುವಿನ ಗಡಿಯಲ್ಲೇ ರಾಸಾಯನಿಕ ಬಂಧ ಬೆಳೆದು ಎರಡೂ ಒಂದೇ ತುಂಡಾದವು. ಗೋಂದು ಬೇಕಾಗಲಿಲ್ಲ, ಒತ್ತಡಕ್ಕೆ ಬಿಚ್ಚಿಕೊಳ್ಳುವ ಭಯವೂ ಕಡಿಮೆಯಾಯಿತು.

ಆದರೆ ಈ ಬೇಯಿಸುವಿಕೆಯೇ ಪೊರೆಯ ಗಡಸುತನವನ್ನೂ ನಿಶ್ಚಯಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಸಿಲ್‌ಗಾರ್ಡ್ 184 ಎಂಬ ಪಿಡಿಎಂಎಸ್ ಅನ್ನು 25ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆಬೇರೆ ಶಾಖದಲ್ಲಿ ಗಟ್ಟಿ ಮಾಡಿ ಅಳೆದವರು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಣೆಯ ಶಾಖದಲ್ಲಿ ಗಟ್ಟಿಯಾದ ರಬ್ಬರಿನ ಯಂಗ್ ಗುಣಾಂಕ, ಅಂದರೆ ಗಡಸುತನದ ಅಳತೆ, 1.32 ಮೆಗಾಪಾಸ್ಕಲ್, 200 ಡಿಗ್ರಿಯಲ್ಲಿ ಬೆಂದದ್ದರದು 2.97. ಒಂದೇ ಡಬ್ಬಿಯ ಮಾಲು, ಎರಡು ಪಟ್ಟಿಗೂ ಮಿಕ್ಕ ಅಂತರ. ಒಬ್ಬರ ಚಿಪ್‌ನಲ್ಲಿ ಸಲೀಸಾಗಿ ಮುಚ್ಚಿದ ಕವಾಟ ಇನ್ನೊಬ್ಬರ ಚಿಪ್‌ನಲ್ಲಿ ಅದೇ ಒತ್ತಡಕ್ಕೆ ಮುಚ್ಚದಿರಲು ಇಷ್ಟು ಸಾಕು. ಬಳಸುವ ಮೊದಲು ಆಟೋಕ್ಲೇವ್‌ನಲ್ಲಿ ಶುದ್ಧ ಮಾಡಿದರೆ ಆ ಶಾಖವೂ ಬೇಯಿಸುವಿಕೆಯ ಲೆಕ್ಕಕ್ಕೆ ಸೇರುತ್ತದೆ.

ಸಾವಿರ ಕವಾಟಗಳ ಗಣಿತ

2002ರಲ್ಲಿ ಟಾಡ್ ಥಾರ್ಸನ್, ಸೆಬಾಸ್ಟಿಯನ್ ಮೇರ್ಕ್ಲ್ ಮತ್ತು ಕ್ವೇಕ್ ಸೇರಿ ಒಂದೇ ಚಿಪ್‌ನಲ್ಲಿ 3,574 ಕವಾಟಗಳನ್ನು ಕೂರಿಸಿ ತೋರಿಸಿದರು. ಅದರಲ್ಲಿದ್ದ 1,000 ಪುಟ್ಟ ಕೋಣೆಗಳಲ್ಲಿ ಬೇಕಾದುದನ್ನು ಆರಿಸಿ ತುಂಬಬಹುದಿತ್ತು, ಬರಿದು ಮಾಡಬಹುದಿತ್ತು. ಸಾವಿರ ಕಾಲುವೆಗೆ ಸಾವಿರ ಗಾಳಿ ಕೊಳವೆ ಬೇಡ. ಜಾಣತನದಿಂದ ಜೋಡಿಸಿದರೆ 1,024 ಕಾಲುವೆಗಳನ್ನು ಆಳಲು 20 ನಿಯಂತ್ರಣ ಕಾಲುವೆಗಳು ಸಾಕು. ಕ್ವೇಕ್ ಸಹಸ್ಥಾಪಕರಾಗಿ 1999ರಲ್ಲಿ ಹುಟ್ಟಿದ ಫ್ಲೂಯಿಡೈಮ್ ಕಂಪನಿ ಈ ತಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಒಂದು ಚಿಪ್ 96 ಮಾದರಿಗಳನ್ನು 96 ಪರೀಕ್ಷೆಗಳಿಗೆ ಒಡ್ಡಿ ಒಮ್ಮೆಲೇ 9,216 ಪಿಸಿಆರ್ ಕ್ರಿಯೆಗಳನ್ನು ನಡೆಸುತ್ತದೆ.

ಕವಾಟಗಳು ಇಷ್ಟಾದಾಗ ಬಾಳಿಕೆಯ ಲೆಕ್ಕವೇ ಬದಲಾಗುತ್ತದೆ. ಸಾವಿರಕ್ಕೆ ಒಂದು ಕವಾಟ ಮಾತ್ರ ಕೆಡುತ್ತದೆ ಎಂದುಕೊಳ್ಳೋಣ. ಕೇಳಲು ಚೆನ್ನಾಗಿದೆ. ಆದರೆ 3,574 ಕವಾಟಗಳೂ ಸರಿಯಿರಲೇಬೇಕಾದ ಚಿಪ್‌ನಲ್ಲಿ, ಲೆಕ್ಕ ಹಾಕಿ ನೋಡಿದರೆ, ನೂರಕ್ಕೆ ಸುಮಾರು ಮೂರು ಚಿಪ್‌ಗಳು ಮಾತ್ರ ದೋಷವಿಲ್ಲದೆ ಉಳಿಯುತ್ತವೆ. ಒಂದು ಕವಾಟವನ್ನು ಲಕ್ಷ ಸಲ ಓಡಿಸಿ ಪಡೆದ ಭರವಸೆ ಸಾವಿರ ಕವಾಟಗಳಿಗೆ ತಾನಾಗಿ ಒದಗುವುದಿಲ್ಲ. ಹತ್ತು ಮೈಕ್ರಾನ್ ಎತ್ತರದ ಕಾಲುವೆಯಲ್ಲಿ ಒಂದು ಧೂಳಿನ ಕಣ, ಒಣಗಿದ ಉಪ್ಪಿನ ಒಂದು ಹರಳು ಪೊರೆಯಡಿ ಸಿಕ್ಕಿಕೊಂಡರೂ ಅಲ್ಲಿ ಸೋರಿಕೆ ಶುರು.

ರಬ್ಬರು ಹೀರುತ್ತದೆ, ಬಿಡುತ್ತದೆ

ಪಿಡಿಎಂಎಸ್‌ನ ದೊಡ್ಡ ತೊಡಕು ಅದು ನಿರ್ಲಿಪ್ತ ಗೋಡೆಯಲ್ಲ ಎಂಬುದು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 2003ರಲ್ಲಿ ಯಾವ ದ್ರಾವಕದಲ್ಲಿ ಈ ರಬ್ಬರು ಎಷ್ಟು ಊದುತ್ತದೆ ಎಂದು ಪಟ್ಟಿ ಮಾಡಿತು. ನೀರು, ಮೆಥನಾಲ್, ಗ್ಲಿಸರಾಲ್‌ಗಳಲ್ಲಿ ಅದು ಹೆಚ್ಚು ಊದುವುದಿಲ್ಲ. ಹೆಕ್ಸೇನ್, ಟಾಲುವೀನ್, ಕ್ಲೋರೋಫಾರ್ಮ್‌ಗಳನ್ನು ಮಾತ್ರ ಹೀರಿ ಉಬ್ಬುತ್ತದೆ. ಉಬ್ಬಿದ ಪೊರೆ ಸುಕ್ಕಾಗುತ್ತದೆ, ಕಾಲುವೆ ಕಿರಿದಾಗುತ್ತದೆ, ಅಂಟಿಸಿದ ಪದರಗಳು ಎಳೆದಾಡಿ ಬಿಚ್ಚಿಕೊಳ್ಳುತ್ತವೆ. ನೀರಿನಲ್ಲಿ ಲಕ್ಷ ಸಲ ತಾಳಿದ ಕವಾಟ ಇಲ್ಲಿ ಬೇಗ ಕೈಕೊಡುತ್ತದೆ.

ಇದಕ್ಕಿಂತ ಕಳವಳ ಹುಟ್ಟಿಸುವುದು ಕಣ್ಣಿಗೆ ಕಾಣದ ಹೀರುವಿಕೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಬೀಬ್ ಅವರ ತಂಡ 2006ರಲ್ಲಿ ನೈಲ್ ರೆಡ್ ಎಂಬ ಬಣ್ಣವನ್ನು ಕಾಲುವೆಗೆ ಬಿಟ್ಟು, ಅದು ರಬ್ಬರಿನ ಒಳಕ್ಕೇ ಇಳಿಯುವುದನ್ನು ತೋರಿಸಿತು. 2009ರಲ್ಲಿ ಅದೇ ಗುಂಪಿನ ಅಧ್ಯಯನ ಮುಂದಿನ ಹೆಜ್ಜೆ ಇಟ್ಟಿತು: ಜೀವಕೋಶಗಳಿಗೆಂದು ಕೊಟ್ಟ ಈಸ್ಟ್ರೋಜನ್ ಹಾರ್ಮೋನನ್ನು ರಬ್ಬರು ನುಂಗಿಹಾಕುತ್ತದೆ, ಹೆಣೆಯದೆ ಉಳಿದ ಸಿಲಿಕೋನ್ ತುಣುಕುಗಳು ರಬ್ಬರಿನಿಂದ ಹೊರಬಂದು ಜೀವಕೋಶದ ಪೊರೆಗೆ ಸೇರುತ್ತವೆ. ಇಲ್ಲಿ ಕವಾಟ ಕೆಟ್ಟಿಲ್ಲ. ಸರಿಯಾಗಿ ಮುಚ್ಚುತ್ತದೆ, ತೆರೆಯುತ್ತದೆ, ಒಂದು ಹನಿಯೂ ಸೋರುವುದಿಲ್ಲ. ಕೆಟ್ಟಿರುವುದು ಫಲಿತಾಂಶ. ಔಷಧದ ಪ್ರಮಾಣ ಇಷ್ಟು ಎಂದು ಬರೆದಿಟ್ಟವರು ಜೀವಕೋಶಕ್ಕೆ ತಲುಪಿದ್ದು ಅದಕ್ಕಿಂತ ಕಡಿಮೆ ಎಂದು ಅರಿಯದೆ ತೀರ್ಮಾನಕ್ಕೆ ಬಂದುಬಿಡಬಹುದು. ಯಂತ್ರ ನಿಂತುಹೋದರೆ ಗೊತ್ತಾಗುತ್ತದೆ. ಯಂತ್ರ ಓಡುತ್ತಲೇ ತಪ್ಪು ಹೇಳಿದರೆ ಗೊತ್ತಾಗುವುದಿಲ್ಲ. ಇಂಥ ವೈಫಲ್ಯವನ್ನು ‘ಎಷ್ಟು ಸಲ’ ಎಂಬ ಪ್ರಶ್ನೆ ಮುಟ್ಟುವುದೇ ಇಲ್ಲ.

ಗಾಳಿಯದು ಇನ್ನೊಂದು ಕಥೆ. ಪಿಡಿಎಂಎಸ್ ಮೂಲಕ ಆಮ್ಲಜನಕ ಸುಲಭವಾಗಿ ಹಾಯುತ್ತದೆ. ಚಿಪ್‌ನಲ್ಲಿ ಬೆಳೆಯುವ ಜೀವಕೋಶಗಳಿಗೆ ಅದು ವರ. ಅದೇ ಗುಣದಿಂದ, ಕವಾಟ ಮುಚ್ಚಲು ಒತ್ತಿದ ಗಾಳಿ ಪೊರೆಯನ್ನು ದಾಟಿ ದ್ರವದಲ್ಲಿ ಗುಳ್ಳೆಯಾಗಿ ಏಳುತ್ತದೆ. ಅದಕ್ಕಾಗಿ ನಿಯಂತ್ರಣ ಕಾಲುವೆಯಲ್ಲಿ ಮೊದಲೇ ನೀರು ತುಂಬಿ, ಆ ನೀರಿನ ಹಿಂದಿನಿಂದ ಗಾಳಿಯನ್ನು ಒತ್ತುವ ಪದ್ಧತಿ ಬಂದಿದೆ. ತುದಿ ಮುಚ್ಚಿದ ಆ ಕಾಲುವೆಯಲ್ಲಿ ನೀರು ಮುಂದೆ ಸರಿದಂತೆ ಒಳಗಿದ್ದ ಗಾಳಿ ರಬ್ಬರಿನ ಮೂಲಕವೇ ಹೊರಗೆ ಹೋಗುತ್ತದೆ. ತೊಡಕಾದ ಗುಣವೇ ಇಲ್ಲಿ ನೆರವಿಗೆ ಬರುತ್ತದೆ.

ಹೊರಗೆ ಹೋಗುವುದು ಗಾಳಿಯಷ್ಟೇ ಅಲ್ಲ, ನೀರಿನ ಆವಿಯೂ ಹೌದು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶುಯಿಚಿ ತಕಾಯಾಮಾ ಅವರ ತಂಡ ಅಂಧರ ಬ್ರೈಲ್ ಪರದೆಯ ಏಳುವ ಬೀಳುವ ಕಡ್ಡಿಗಳನ್ನೇ ಬಳಸಿ ಕೆಳಗಿನಿಂದ ರಬ್ಬರ್ ಕಾಲುವೆಯನ್ನು ಒತ್ತುವ ಕವಾಟಗಳನ್ನು 2004ರಲ್ಲಿ ಮಾಡಿತ್ತು. ಅಷ್ಟು ಸಣ್ಣ ಕಡ್ಡಿ ಒತ್ತಿದರೆ ಬಾಗಬೇಕೆಂದು ಪೊರೆಯನ್ನು ತೆಳುವಾಗಿಟ್ಟರು. ಆ ತೆಳು ಪೊರೆಯಿಂದ ನೀರು ಆವಿಯಾಗಿ ಹೋಗಿ, ಉಳಿದ ದ್ರವದಲ್ಲಿ ಲವಣಾಂಶ ಏರಿ, ಒಳಗಿದ್ದ ಇಲಿಯ ಭ್ರೂಣಗಳ ಬೆಳವಣಿಗೆಗೆ ತೊಂದರೆಯಾಯಿತು ಎಂದು 2007ರಲ್ಲಿ ಅದೇ ತಂಡ ಕಾರಣವನ್ನು ಪತ್ತೆಹಚ್ಚಿ ಪ್ರಕಟಿಸಿತು. ಪೊರೆಯಲ್ಲಿ ಪ್ಯಾರಿಲೀನ್ ಎಂಬ ಪಾಲಿಮರಿನ ಪದರ ಸೇರಿಸಿ ಪರಿಹಾರವನ್ನೂ ಕಂಡುಕೊಂಡಿತು. ಇಂಥ ಪ್ರಬಂಧಗಳ ಬಗ್ಗೆ ನನಗೆ ವಿಶೇಷ ಗೌರವವಿದೆ. ತನ್ನದೇ ಸಾಧನ ಎಲ್ಲಿ ಸೋತಿತು, ಏಕೆ ಸೋತಿತು ಎಂದು ಬಿಡಿಸಿ ಬರೆದರೆ ಮುಂದಿನವರ ವರ್ಷಗಳು ಉಳಿಯುತ್ತವೆ.

ಮಂಗಳಕ್ಕೆಂದು ಮಾಡಿದ ಕವಾಟ

ಎಲ್ಲ ಕವಾಟಗಳೂ ಒತ್ತಿದಾಗ ಮುಚ್ಚುವಂಥವಲ್ಲ. 2003ರಲ್ಲಿ ಬರ್ಕ್ಲಿಯ ರಿಚರ್ಡ್ ಮ್ಯಾಥೀಸ್ ಅವರ ತಂಡ 254 ಮೈಕ್ರಾನ್ ದಪ್ಪದ ಪಿಡಿಎಂಎಸ್ ಹಾಳೆಯನ್ನು ಎರಡು ಗಾಜಿನ ಫಲಕಗಳ ನಡುವೆ ಇಟ್ಟು, ಸದಾ ಮುಚ್ಚಿರುವ, ನಿರ್ವಾತದಿಂದ ಎಳೆದಾಗ ಮಾತ್ರ ತೆರೆಯುವ ಕವಾಟ ಮಾಡಿತು. ವಿದ್ಯುತ್ ಹೋದರೂ ಇದು ಮುಚ್ಚಿಯೇ ಇರುತ್ತದೆ. ಮಂಗಳದ ಮಣ್ಣಿನಲ್ಲಿ ಅಮೈನೋ ಆಮ್ಲ ಹುಡುಕಲೆಂದು ಕಟ್ಟಿದ ಉಪಕರಣದಲ್ಲಿ ಈ ಕವಾಟಗಳೇ ಇದ್ದವು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಅದರ ಪರೀಕ್ಷೆಯೂ ನಡೆಯಿತು.

ಯುರೋಪಿನ ಎಕ್ಸೋಮಾರ್ಸ್ ರೋವರಿಗೆಂದು ಯೋಜಿಸಿದ್ದ ‘ಯೂರಿ’ ಉಪಕರಣದ ಭಾಗಗಳು ಮೈನಸ್ 100ರಿಂದ 50 ಡಿಗ್ರಿವರೆಗಿನ ಶಾಖವನ್ನು ತಾಳಬೇಕಿತ್ತು. ಮೈನಸ್ 40ರ ಆಸುಪಾಸಿನಲ್ಲೇ ಪಿಡಿಎಂಎಸ್ ಹರಳುಗಟ್ಟಿ ಬಿರುಸಾಗತೊಡಗುತ್ತದೆ. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ತಂಡ ಟೆಫ್ಲಾನ್ ಪೊರೆಗಳನ್ನೂ ಪಿಎಫ್‌ಪಿಇ ಎಂಬ ಫ್ಲೋರಿನ್‌ಯುಕ್ತ ರಬ್ಬರನ್ನೂ ಪರೀಕ್ಷಿಸಲು ಹೊರಟದ್ದು ಹೀಗೆ. ಟೆಫ್ಲಾನ್‌ಗೆ ರಾಸಾಯನಿಕದ ಭಯವಿಲ್ಲ, ಆದರೆ ಅದು ರಬ್ಬರಲ್ಲ. ಹೆಚ್ಚು ಹಿಗ್ಗಿಸಿದರೆ ಹಿಗ್ಗಿದಲ್ಲೇ ಉಳಿಯುತ್ತದೆ. ಯೂರಿ ಉಪಕರಣವನ್ನು ಮುಂದೆ ಆ ಯಾತ್ರೆಯಿಂದ ಕೈಬಿಡಲಾಯಿತು. ಆದರೂ ‘ಇದು ಎಲ್ಲಿ, ಎಂಥ ಹವೆಯಲ್ಲಿ ದುಡಿಯಬೇಕು?’ ಎಂಬ ಪ್ರಶ್ನೆಯನ್ನು ಮೊದಲಿಟ್ಟುಕೊಂಡು ಪೊರೆಯನ್ನು ಆರಿಸುವ ಶಿಸ್ತು ಆ ಕೆಲಸದಿಂದ ನಮಗೆ ಸಿಕ್ಕಿತು.

ಸದಾ ಮುಚ್ಚಿರುವ ಕವಾಟಕ್ಕೆ ತನ್ನದೇ ಒಂದು ಕಾಯಿಲೆಯಿದೆ, ಅಂಟಿಕೊಳ್ಳುವುದು. ಪಿಡಿಎಂಎಸ್ ಸ್ವಚ್ಛ ಗಾಜಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಚಿಪ್ ಜೋಡಿಸುವಾಗ ನಮಗೆ ಬೇಕಾದದ್ದೂ ಅದೇ. ಆದರೆ ಪೊರೆ ಕೂರುವ ಪೀಠಕ್ಕೂ ಹಾಗೇ ಕಚ್ಚಿಕೊಂಡರೆ ಕವಾಟ ಮತ್ತೆ ತೆರೆಯುವುದಿಲ್ಲ. ಅದಕ್ಕಾಗಿ, ಅಂಟಿಸಲು ಬಳಸುವ ಪ್ಲಾಸ್ಮಾ ತಾಗದಂತೆ ಪೀಠದ ಭಾಗವನ್ನು ಮರೆಮಾಡುತ್ತಾರೆ, ಅಂಟದಂಥ ಲೇಪ ಕೊಡುತ್ತಾರೆ, ಜೋಡಿಸಿದ ಕೂಡಲೇ ಕವಾಟವನ್ನು ಪದೇಪದೇ ತೆರೆದು ಮುಚ್ಚುತ್ತಾರೆ. ಓಡುತ್ತಿರುವ ಕವಾಟ ಅಂಟುವುದು ಕಡಿಮೆ. ಸುಮ್ಮನೆ ಕೂತ ಕವಾಟಕ್ಕೆ ಅಪಾಯ ಹೆಚ್ಚು.

ಎಂಟುನೂರರಿಂದ ಹತ್ತು ಲಕ್ಷಕ್ಕೆ

ಸೋಲಿನ ಕಾರಣ ಹಿಡಿದರೆ ಬಾಳಿಕೆ ಎಷ್ಟು ಏರಬಹುದು ಎಂಬುದಕ್ಕೆ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಉದಾಹರಣೆ ಇದೆ. ಗ್ರೆಗರಿ ನಾರ್ಡಿನ್ ಮತ್ತು ಆಡಂ ವೂಲಿ ಅವರ ಗುಂಪು 2015ರಲ್ಲಿ ತ್ರೀಡಿ ಮುದ್ರಣದಲ್ಲೇ ಪೊರೆ ಕವಾಟ ಮಾಡಿ 800 ಸಲದವರೆಗೆ ಪರೀಕ್ಷಿಸಿತು. ಬೆಳಕಿನಿಂದ ಗಟ್ಟಿಯಾಗುವ ರಾಳ ಪೂರ್ತಿ ಹೆಣೆದುಕೊಂಡಿರುವುದಿಲ್ಲ. ಬೆಳಕನ್ನೇ ಹೆಚ್ಚಿಸಿದರೆ ಪಕ್ಕದ ಕಾಲುವೆಯೂ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. 2016ರಲ್ಲಿ ಅವರು ರಾಳಕ್ಕೆ ಶಾಖದಿಂದ ಚುರುಕಾಗುವ ಇನ್ನೊಂದು ಪದಾರ್ಥ ಸೇರಿಸಿ, ಮುದ್ರಿಸಿದ ಮೇಲೆ ಬಿಸಿ ಮಾಡಿದರು. ಬೆಳಕು ಆಕಾರ ಕೊಟ್ಟಿತು, ಶಾಖ ಹೆಣಿಗೆಯನ್ನು ಪೂರ್ತಿ ಮಾಡಿತು. ಕವಾಟ 10 ಲಕ್ಷ ಸಲದವರೆಗೆ ತಾಳಿತು, ಅದೂ ಮೊದಲಿನದರ ಹತ್ತನೇ ಒಂದು ಗಾತ್ರದಲ್ಲಿ.

ಬೆಂಗಳೂರಿನಲ್ಲೊಂದು ಮೃದು ಒತ್ತಡ

ಪೊರೆಯ ಕೆಲಸ ದ್ರವವನ್ನು ತಡೆಯುವುದಷ್ಟೇ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿದ್ದ ಸಂಧ್ಯಾ ಕೌಶಿಕ, ಭಾರತೀಯ ವಿಜ್ಞಾನ ಸಂಸ್ಥೆಯ ವಿ. ವೆಂಕಟರಾಮನ್, ಸುದೀಪ್ ಮಂಡಲ್ ಮತ್ತಿತರರು 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಪಿಡಿಎಂಎಸ್ ಪೊರೆ ಒತ್ತಿ ಹಿಡಿದದ್ದು ಜೀವಂತ ಹುಳುವನ್ನು. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳು ಅಲುಗದಂತೆ ಪೊರೆ ಹಿಡಿದಿದ್ದಾಗ, ಅದರ ನರತಂತುವಿನೊಳಗೆ ಸಾಗುವ ಸರಕನ್ನು ಸೂಕ್ಷ್ಮದರ್ಶಕದಲ್ಲಿ ಚಿತ್ರೀಕರಿಸಿದರು. ಅರಿವಳಿಕೆ ಕೊಟ್ಟು ನೋಡುವುದು ರೂಢಿ. ಆದರೆ ಕೆಲವು ಸರಕುಗಳ ಸಾಗಾಟವನ್ನು ಅರಿವಳಿಕೆಯೇ ಗಣನೀಯವಾಗಿ ಬದಲಿಸುತ್ತದೆ ಎಂದು ಈ ಹೋಲಿಕೆಯಿಂದ ಗೊತ್ತಾಯಿತು. ಇಲ್ಲಿ ಪೊರೆ ಲಕ್ಷ ಸಲ ಬಾಗಬೇಕಿಲ್ಲ. ಹುಳುವಿಗೆ ನೋವಾಗದಷ್ಟು ಮೆತ್ತಗೆ, ಚಿತ್ರ ಕದಲದಷ್ಟು ಗಟ್ಟಿಯಾಗಿ, ಬೇಕಾದಷ್ಟು ಹೊತ್ತು ಒಂದೇ ಸಮನೆ ಹಿಡಿದಿರಬೇಕು. ಒಂದೇ ರಬ್ಬರು, ಆದರೆ ಅದರಿಂದ ಬಯಸುವ ಬಾಳಿಕೆಯೇ ಬೇರೆ.

ಕೇಳಬೇಕಾದ ಪ್ರಶ್ನೆಗಳು

ಒಮ್ಮೆ ಬಳಸಿ ಎಸೆಯುವ ರೋಗಪರೀಕ್ಷೆಯ ಚಿಪ್ ಒಂದನ್ನು ಊಹಿಸಿಕೊಳ್ಳಿ. ಅದರ ಕವಾಟ ಇಡೀ ಬಾಳಿನಲ್ಲಿ ತೆರೆದು ಮುಚ್ಚುವುದು ಬೆರಳೆಣಿಕೆಯಷ್ಟು ಸಲ. ಅದಕ್ಕೆ 40 ಲಕ್ಷದ ಲೆಕ್ಕ ಯಾವ ಭರವಸೆಯನ್ನೂ ಕೊಡದು. ಅದು ತಿಂಗಳುಗಟ್ಟಲೆ ಪೊಟ್ಟಣದಲ್ಲಿ ಕೂತಿರುತ್ತದೆ, ಲಾರಿಯಲ್ಲಿ ಬಿಸಿಲು ಕಾಯುತ್ತದೆ, ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಬೇಸಿಗೆ ಕಳೆಯುತ್ತದೆ. ಆಮೇಲೆ ಒಂದು ದಿನ, ಜ್ವರದ ಮಗುವಿನ ರಕ್ತದ ಹನಿ ಬಿದ್ದಾಗ, ಮೊದಲ ಸಲಕ್ಕೇ ತೆರೆಯಬೇಕು. ಅಂಥ ಚಿಪ್‌ಗೆ ಬೇಕಾದ ಪರೀಕ್ಷೆ ಬಿಡುವಿಲ್ಲದೆ ಓಡಿಸುವುದಲ್ಲ. ಓಡಿಸದೆ, ಶಾಖದಲ್ಲಿ, ಬಹುಕಾಲ ಇಟ್ಟು ನೋಡುವುದು.

ಹಾಗಾಗಿ ಚಿಪ್ ಮಾಡುವವರನ್ನೂ ಮಾರುವವರನ್ನೂ ನಾವು ಕೇಳಬೇಕಾದ್ದು ಇಷ್ಟು. ಪರೀಕ್ಷಿಸಿದ್ದು ಬರಿ ನೀರಿನಲ್ಲೋ, ನಿಜವಾಗಿ ಬಳಸುವ ದ್ರವದಲ್ಲೋ? ಎಷ್ಟು ಕಾಲ ಸುಮ್ಮನಿಟ್ಟು, ಯಾವ ಶಾಖದಲ್ಲಿಟ್ಟು ತೆರೆದು ನೋಡಿದಿರಿ? ಎಷ್ಟು ಕವಾಟಗಳನ್ನು ಪರೀಕ್ಷಿಸಿದಿರಿ, ಒಂದನ್ನೋ ಸಾವಿರವನ್ನೋ? ಕೊನೆಗೆ ಅದು ಕೆಟ್ಟದ್ದು ಹೇಗೆ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ವರದಿ ಅರ್ಧ ವರದಿ. ‘ಹತ್ತು ಲಕ್ಷದವರೆಗೆ ಕೆಡಲಿಲ್ಲ’ ಎಂಬ ಸಾಲು ಸಮಾಧಾನ ಕೊಡುತ್ತದೆ. ‘ಇಂಥ ದ್ರವದಲ್ಲಿ, ಇಷ್ಟು ದಿನಕ್ಕೆ, ಈ ಅಂಚಿನಲ್ಲಿ ಬಿಚ್ಚಿಕೊಂಡಿತು’ ಎಂಬ ಸಾಲು ಮುಂದಿನ ಕವಾಟವನ್ನು ಕಟ್ಟಲು ನೆರವಾಗುತ್ತದೆ. ನಮ್ಮ ವಿದ್ಯಾರ್ಥಿಗಳು, ಎಂಜಿನಿಯರುಗಳು ಆ ಎರಡನೆಯ ಸಾಲನ್ನು ಬರೆಯುವ ಧೈರ್ಯ ಮಾಡಬೇಕು. ಅಂಥ ಸಾಲುಗಳಿಗೆ ಬೆಲೆ ಕೊಡುವ ಕೆಲಸ ಪತ್ರಿಕೆಗಳದು, ಹಣ ಕೊಡುವ ಸಂಸ್ಥೆಗಳದು.